ನಲವತ್ತನಾಲ್ಕು ಇಂಚು

ಅಡುಗೆಮನೆ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗೀಟು:
ಫೆಬ್ರವರಿ ಒಂಬತ್ತು, ನಲವತ್ತನಾಲ್ಕು ಇಂಚು.
ಕಾಲುಚೀಲ ಬಿಚ್ಚಿಸಿ, ಜುಟ್ಟು ಅಮುಕಿ ಹಿಡಿದು ಅಳೆದದ್ದು,
ಮೋಸವಿಲ್ಲ. ಆ ದೊಡ್ಡ ರೋಲರ್ ಕೋಸ್ಟರ್ ಹತ್ತಲು
ಮಾರ್ನಿ ಬೇಕಾದಷ್ಟು ಬೆಳೆದಿದ್ದಾಳೆ.

ಮೂರು ವರ್ಷ ಶನಿವಾರದ ಪಿಜ್ಜಾ ಬಿಟ್ಟು
ಹಗಲು ಶಾಲೆಯ ಬಸ್ಸು, ಚಳಿಗಾಲದ ರಾತ್ರಿ
ಟೊಲಿಡೊ ಬೀದಿಗಳಲ್ಲಿ ಹಿಮ ಗೋರುವ ಲಾರಿ ಓಡಿಸಿ
ಕೂಡಿಟ್ಟದ್ದು ನಾಲ್ಕು ಸಾವಿರದ ನೂರಾಹತ್ತು ಡಾಲರ್.
ಫ್ಲಾರಿಡಾ. ಐದು ದಿನ. ಈಜುಕೊಳ ಕಾಣುವ ಕೋಣೆ.
ಹೊರಡುವುದು ಮಾರ್ಚ್ ಇಪ್ಪತ್ತೊಂದಕ್ಕೆ.

ಇರುವೆ ಸಾಲಿನಂಥ ಷರತ್ತುಗಳನ್ನು ಎರಡು ಸಲ ಓದಿದೆ.
ನಾವಾಗಿ ಬಿಟ್ಟರೆ ಅರ್ಧ ಹೋಯಿತು.
ಅವರಾಗಿ ಬಾಗಿಲು ಹಾಕಿದರೆ ಪೂರ್ತಿ ವಾಪಸು.
ಸರಿ, ಕಾಯುತ್ತೇನೆ ಅಂದುಕೊಂಡೆ.
ಕಾಯುವುದಕ್ಕೇನು ಖರ್ಚು?

ಸಂಜೆ ಸಂಜೆ ಟೀವಿಯ ಪಾದದಲ್ಲಿ ಸಂಖ್ಯೆ ಹರಿಯುತ್ತದೆ.
ಮೊದಲ ದಿನ ಎದೆ ಧಸಕ್ಕೆಂದಿತು.
ನಾಲ್ಕನೆಯ ದಿನ (ಹೇಳಿಬಿಡುತ್ತೇನೆ, ಇನ್ನೆಲ್ಲಿ ಹೇಳಲಿ)
ಸಂಖ್ಯೆ ದುಪ್ಪಟ್ಟಾದಾಗ ಒಳಗೆ ಏನೋ ಹಗುರಾಯಿತು.
ಇನ್ನಷ್ಟು ಏರಲಿ, ಆಗ ಮುಚ್ಚಿಯಾರು.
ಉರಿವ ಮನೆಯ ಗಳ ಹಿರಿಯುವವರ ಸಾಲಿನಲ್ಲಿ
ಬಸ್ಸಿನ ಬೀಗದ ಕೈ ಜೇಬಿನಲ್ಲಿಟ್ಟುಕೊಂಡು
ನಾನೂ ನಿಂತಿದ್ದೆ, ನನ್ನ ಸರದಿ ಎಷ್ಟನೆಯದೆಂದು ಎಣಿಸುತ್ತ.

ಗ್ರೆಚೆನ್ ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುತ್ತಾಳೆ,
ಎಪ್ಪತ್ತು ಚಾದರ, ಎಪ್ಪತ್ತು ಎದೆಬಟ್ಟೆ.
ರಾತ್ರಿ ಅಂದಳು: ಬಯಲಲ್ಲಿ ತಾನೆ, ಹೋಗಿ ಬರೋಣ.
ಬೆಳಿಗ್ಗೆ ಅಂದಳು: ಬರುವಾಗ ನನ್ನ ಕೈಗಂಟಿ
ಹದಿನಾಲ್ಕನೇ ಕೋಣೆಯ ಮುದುಕಿಗೆ ಏನಾದರೂ ಬಂದರೆ?
ಮಾರನೆಯ ರಾತ್ರಿ ಅವಳು ಬೇಡವೆಂದರೆ ನಾನು ಬೇಕೆಂದೆ.
ನನ್ನ ವಾದ ಅವಳಿಗೆ, ಅವಳದು ನನಗೆ,
ಕತ್ತಲಲ್ಲಿ ಕೋಟು ಅದಲುಬದಲಾದ ಹಾಗೆ;
ತೋಳು ಮಾತ್ರ ಇಬ್ಬರಿಗೂ ಗಿಡ್ಡ.

ಮಾರ್ನಿ ಪೆಟ್ಟಿಗೆ ಕಟ್ಟಿ ಹನ್ನೆರಡು ದಿನವಾಯಿತು.
ಈಜುಡುಗೆ ಅದರಲ್ಲೇ. ಹಲ್ಲಿನ ಬ್ರಶ್ಶೂ ಅದರಲ್ಲೇ.
ಬೆಳಿಗ್ಗೆ ತೆರೆದು, ಉಜ್ಜಿ, ಒರೆಸಿ, ಮತ್ತೆ ಒಳಗಿಡುತ್ತಾಳೆ.

ಬುಧವಾರ ಗ್ರೆಚೆನ್ ಮನೆಯೊಳಗೆ ಬರಲಿಲ್ಲ.
ಗ್ಯಾರೇಜಿನಲ್ಲೇ ನಿಂತು, ಆ ಚಳಿಯಲ್ಲಿ,
ಮೈಮೇಲಿನದನ್ನೆಲ್ಲ ಕಸದ ಚೀಲಕ್ಕೆ ಕಳಚಿ ಹಾಕಿ
‘ಹದಿನಾಲ್ಕರ ಚಾದರ ಇವತ್ತು ಒಗೆಯಲು ಬರಲಿಲ್ಲ’ ಎಂದಳು.
ಒಳಗೆ ಟೀವಿಯಲ್ಲಿ ಸಂಖ್ಯೆ ಏರುತ್ತಿತ್ತು.
ಆರಿಸಿದೆ. ಫೋನು ಹಿಡಿದೆ.

ಎರಡು ಗಂಟೆ ಹತ್ತು ನಿಮಿಷ ಕೊಳಲು, ಗೆಜ್ಜೆ, ಅಳಿಲಿನಂಥ ದನಿಯ ನಗು.
ಕೊನೆಗೊಬ್ಬ ಮನುಷ್ಯ ಸಿಕ್ಕ, ದಣಿದವನು, ಸಣ್ಣ ಪ್ರಾಯ.
‘ಸಾರ್, ನಾನು ಹೇಳಿದೆನೆಂದು ಹೇಳಬೇಡಿ,
ಇನ್ನೊಂದೆರಡು ದಿನ ತಡೆಯಿರಿ.’
ಗೊತ್ತು, ಎಂದೆ. ಈಗಲೇ ರದ್ದು ಮಾಡಿ.
‘ಕಾರಣ? ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದೆ ಹೋಗುವುದಿಲ್ಲ.’
ಎತ್ತರ ಸಾಲಲಿಲ್ಲ ಅಂತ ಬರೆದುಕೊಳ್ಳಿ.
‘ಮಗಳದಾ?’
ಅಲ್ಲ, ಎಂದೆ.
ಅವನು ಏನೋ ಬೆರಳಚ್ಚು ಮಾಡಿದ. ಬಹಳ ಹೊತ್ತು ಮಾಡಿದ.

ಶುಕ್ರವಾರ ಪಾರ್ಕು ತಾನಾಗಿ ಬಾಗಿಲು ಹಾಕಿತು.
ಎರಡು ಸಾವಿರದ ಐವತ್ತೈದು ಡಾಲರ್.
ಗ್ರೆಚೆನ್ ಲೆಕ್ಕ ಕೇಳಲಿಲ್ಲ; ಒಂದು ಸಲ, ಸೂಪು ಬಡಿಸುವಾಗ,
ಸೌಟು ಗಾಳಿಯಲ್ಲೇ ನಿಂತಿತು, ಅಷ್ಟೆ.

ಮಾರ್ನಿ ಬ್ರಶ್ಶು ತೆಗೆದು
ಸಿಂಕಿನ ಲೋಟಕ್ಕೆ ಹಾಕಿದಳು.
ಈಜುಡುಗೆಯನ್ನು ತೆಗೆಯಲಿಲ್ಲ.